ಸಾಕ್ಷಿಯ ಋಣ

ಪರರ ಸಂಕಟವನ್ನು ಕಣ್ಣೆದುರಿಗೇ ಕಂಡವನು ಮೊದಲು ಮಾಡಬೇಕಾದುದೇನು ಎಂಬ ಪ್ರಶ್ನೆಗೆ ಧರ್ಮಗ್ರಂಥಗಳೂ ಲೋಕರೂಢಿಯೂ ಹೇಳುತ್ತ ಬಂದಿರುವ ಉತ್ತರ ಒಂದೇ, ಕೈಲಾದ ನೆರವು ನೀಡುವುದು. ಪತ್ರಿಕಾ ಛಾಯಾಗ್ರಾಹಕನ ವೃತ್ತಿ ಈ ಉತ್ತರವನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಯುದ್ಧ, ಬರಗಾಲ, ಸಾಂಕ್ರಾಮಿಕ ರೋಗ, ಕಾರ್ಖಾನೆಯ ವಿಷ ಇವುಗಳ ನಡುವೆ ನಿಂತು, ಅಲ್ಲಿ ನಡೆಯುತ್ತಿರುವುದನ್ನು ಚಿತ್ರದ ಮೂಲಕ ದೂರದ ಜನರಿಗೆ ತಿಳಿಸುವುದೇ ಆತನ ಕೆಲಸವಾದ್ದರಿಂದ, ನೆರವಿಗೆ ಚಾಚಬೇಕಾದ ಕೈಯಲ್ಲಿ ಆತ ಕ್ಯಾಮೆರಾ ಹಿಡಿದಿರುತ್ತಾನೆ. ಹೀಗೆ ನೋಡುತ್ತ ನಿಲ್ಲುವುದು ಧರ್ಮವೆ, ಅಧರ್ಮವೆ ಎಂಬುದು ಕೇವಲ ವೃತ್ತಿನೀತಿಗೆ ಸೇರಿದ ಪ್ರಶ್ನೆಯಲ್ಲ; ನೋಡುವವನಿಗೂ ನೋಟಕ್ಕೆ ಗುರಿಯಾದುದಕ್ಕೂ ಇರುವ ಸಂಬಂಧವೇನು ಎಂದು ಭಾರತೀಯ ದರ್ಶನಗಳು ಶತಮಾನಗಳ ಕಾಲ ನಡೆಸಿದ ಚರ್ಚೆಯ ಒಂದು ರೂಪವೇ ಅದು. ಹಿರಿಯ ಛಾಯಾಗ್ರಾಹಕರ ಬದುಕಿನಿಂದ ಧೈರ್ಯವನ್ನೂ ಸ್ಫೂರ್ತಿಯನ್ನೂ ಪಡೆಯಬಯಸುವವರು ಈ ಪ್ರಶ್ನೆಯನ್ನು ಹಾದೇ ಹೋಗಬೇಕು. ಅದನ್ನು ಬದಿಗೆ ಸರಿಸಿ ಪಡೆದ ಸ್ಫೂರ್ತಿ ಸಾಹಸಕಥೆ ಓದಿದಾಗ ಹುಟ್ಟುವ ಹುಮ್ಮಸ್ಸಿಗಿಂತ ಹೆಚ್ಚು ದಿನ ಬಾಳುವುದಿಲ್ಲ.

ಅಮೆರಿಕದ ಚಿಂತಕಿ ಸೂಸನ್ ಸೊಂಟಾಗ್ 1977ರಲ್ಲಿ ಪ್ರಕಟಿಸಿದ ‘ಆನ್ ಫೋಟೋಗ್ರಫಿ’ ಎಂಬ ಪುಸ್ತಕದಲ್ಲಿ, ಚಿತ್ರ ತೆಗೆಯುವುದೆಂದರೆ ಮೂಲತಃ ನಡೆಯುತ್ತಿರುವುದರಲ್ಲಿ ಕೈಹಾಕದೆ ಉಳಿಯುವುದೇ ಆಗಿದೆ ಎಂದು ವಾದಿಸಿದರು. ಸಂಕಟದ ಚಿತ್ರಗಳನ್ನು ಮೇಲಿಂದ ಮೇಲೆ ನೋಡಿದರೆ ಮನಸ್ಸು ಜಡ್ಡುಗಟ್ಟುತ್ತದೆ ಎಂಬುದು ಅವರ ಇನ್ನೊಂದು ಆಕ್ಷೇಪವಾಗಿತ್ತು. ಈ ಎರಡನೆಯ ಮಾತನ್ನು 2003ರ ತಮ್ಮ ಮತ್ತೊಂದು ಪುಸ್ತಕದಲ್ಲಿ ಅವರೇ ಪ್ರಶ್ನಿಸಿಕೊಂಡರಾದರೂ ಮೊದಲನೆಯದು ಇಂದಿಗೂ ವೃತ್ತಿಯ ಬೆನ್ನು ಬಿಟ್ಟಿಲ್ಲ. 1993ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಕೆವಿನ್ ಕಾರ್ಟರ್ ಸುಡಾನಿನಲ್ಲಿ ತೆಗೆದ, ಹಸಿವಿನಿಂದ ನೆಲಕ್ಕೆ ಕುಸಿದ ಮಗು ಮತ್ತು ಅದರ ಹಿಂದೆ ಕುಳಿತ ರಣಹದ್ದಿನ ಚಿತ್ರಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂದಾಗ, ಲೋಕ ಕೇಳಿದ್ದು ಮಗುವಿಗೆ ಏನಾಯಿತು, ಆತ ಅದನ್ನು ಎತ್ತಿಕೊಂಡನೆ ಎಂಬುದನ್ನೇ. ಹದ್ದನ್ನು ಓಡಿಸಿದೆನೆಂದು ಕಾರ್ಟರ್ ಹೇಳಿದರೂ ಆ ಉತ್ತರ ಯಾರಿಗೂ ಸಾಲಲಿಲ್ಲ. 1994ರ ಜುಲೈನಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆ ಸಾವಿಗೆ ಒಂದೇ ಚಿತ್ರವನ್ನು ಕಾರಣವೆಂದು ಹೇಳುವುದು ಅನ್ಯಾಯ. ವರ್ಣಭೇದ ನೀತಿಯ ಕೊನೆಯ ವರ್ಷಗಳ ಹಿಂಸಾಚಾರವನ್ನು ಅವರು ಬಹುಕಾಲ ಹತ್ತಿರದಿಂದ ಚಿತ್ರಿಸಿದ್ದರು, ಅದೇ ವರ್ಷ ಏಪ್ರಿಲ್‌ನಲ್ಲಿ ಆಪ್ತ ಗೆಳೆಯ ಕೆನ್ ಊಸ್ಟರ್‌ಬ್ರೂಕ್ ಗುಂಡೇಟಿಗೆ ಬಲಿಯಾಗಿದ್ದರು. ಆದರೂ ಕಂಡವನ ಮೇಲೆ ಕಂಡದ್ದರ ಭಾರ ಎಷ್ಟು ಬೀಳುತ್ತದೆಂಬುದಕ್ಕೆ ಆ ಬದುಕು ಸಾಕ್ಷಿಯಾಗಿ ಉಳಿದಿದೆ.

ಕಂಡದ್ದನ್ನು ವರದಿ ಮಾಡುವವನ ಚಿತ್ರಣ ಮಹಾಭಾರತಕ್ಕೆ ಹೊಸದಲ್ಲ. ಯುದ್ಧಕ್ಕೆ ಮುನ್ನ ವ್ಯಾಸರು ದೃಷ್ಟಿಯನ್ನು ಕೊಡಲು ಬಂದದ್ದು ಧೃತರಾಷ್ಟ್ರನಿಗೇ. ಬಂಧುಗಳ ವಧೆಯನ್ನು ನೋಡಲಾರೆ, ಕೇಳಬಲ್ಲೆ ಎಂದು ಅವನು ನಿರಾಕರಿಸಿದ ಮೇಲೆ ಅದು ಸಂಜಯನ ಪಾಲಿಗೆ ಬಂತು. ಸಂಜಯನೆಂದರೆ ಅರಮನೆಯಲ್ಲಿ ಸುರಕ್ಷಿತವಾಗಿ ಕುಳಿತು ದೂರದ ಯುದ್ಧವನ್ನು ಬಣ್ಣಿಸಿದವನೆಂಬ ಜನಪ್ರಿಯ ಕಲ್ಪನೆ ಮೂಲಕಥೆಗೆ ಪೂರ್ತಿ ಹೊಂದುವುದಿಲ್ಲ. ಭೀಷ್ಮನು ಬಿದ್ದ ಸುದ್ದಿಯನ್ನು ಅವನು ರಣರಂಗದಿಂದಲೇ ಹೊತ್ತು ತರುತ್ತಾನೆ. ಯುದ್ಧದ ಕೊನೆಯ ದಿನಗಳಲ್ಲಿ ಸಾತ್ಯಕಿಯ ಕೈಗೆ ಸಿಕ್ಕು, ಕೊಲ್ಲಲು ಎತ್ತಿದ ಕತ್ತಿಯಿಂದ ವ್ಯಾಸರ ಮಾತಿನಿಂದಾಗಿ ಪಾರಾಗುತ್ತಾನೆ. ದುರ್ಯೋಧನನು ಸತ್ತಾಗ ಸಂಜಯನ ದಿವ್ಯದೃಷ್ಟಿಯೂ ನಂದಿಹೋಗುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ಸುದ್ದಿ ಹೇಳುತ್ತ ಹೇಳುತ್ತಲೇ ಈ ಅನರ್ಥಕ್ಕೆ ನಿನ್ನ ತಪ್ಪೇ ಮೂಲವೆಂದು ಅವನು ದೊರೆಯ ಮುಖಕ್ಕೇ ಮತ್ತೆ ಮತ್ತೆ ಹೇಳುತ್ತಾನೆ. ನೋಡಲೊಲ್ಲದ, ಆದರೆ ಕೇಳದೆ ಇರಲಾರದ ಆ ದೊರೆಯಲ್ಲಿ ಬೆಳಗಿನ ಪತ್ರಿಕೆ ಬಿಡಿಸುವ ಓದುಗ ತನ್ನನ್ನೇ ಕಂಡುಕೊಳ್ಳಬಹುದು.

ನೋಡುವವನ ಸ್ವರೂಪವನ್ನು ಕುರಿತು ದರ್ಶನಗಳಲ್ಲಿ ಬಂದಿರುವ ‘ಸಾಕ್ಷಿ’ ಎಂಬ ಪರಿಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಮುಂಡಕೋಪನಿಷತ್ತು ಒಂದೇ ಮರದಲ್ಲಿರುವ ಎರಡು ಹಕ್ಕಿಗಳನ್ನು ಹೇಳುತ್ತದೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಸಾಂಖ್ಯರ ಪುರುಷನು ಪ್ರಕೃತಿಯ ವ್ಯಾಪಾರವನ್ನು ಕಾಣುವ, ಅದರಲ್ಲಿ ಪಾಲ್ಗೊಳ್ಳದ ದ್ರಷ್ಟಾರ. ಅದ್ವೈತದಲ್ಲಿ ಸಾಕ್ಷಿಯೆಂದರೆ ಎಲ್ಲ ಅನುಭವಗಳನ್ನೂ ಬೆಳಗುವ, ಯಾವುದರಿಂದಲೂ ಅಂಟಿಸಿಕೊಳ್ಳದ ಶುದ್ಧ ಚೈತನ್ಯ. ಹದಿಮೂರನೆಯ ಶತಮಾನದಲ್ಲಿ ಉಡುಪಿಯಲ್ಲಿ ನೆಲೆಸಿದ್ದ ಮಧ್ವಾಚಾರ್ಯರ ದರ್ಶನದಲ್ಲಿ ಮಾತ್ರ ಸಾಕ್ಷಿ ಬೇರೊಂದು ಬಗೆಯದು. ಅಲ್ಲಿ ಅದು ಜೀವಾತ್ಮನ ಸ್ವರೂಪೇಂದ್ರಿಯ, ಅಂದರೆ ಕಣ್ಣು ಕಿವಿಗಳಂತೆ ಹೊರಗಿನಿಂದ ಬಂದು ಕೂಡಿಕೊಳ್ಳದೆ ಜೀವಾತ್ಮನ ಸ್ವಭಾವವೇ ಆಗಿರುವ ಅರಿವಿನ ಶಕ್ತಿ. ಸುಖವನ್ನೂ ದುಃಖವನ್ನೂ ನೇರವಾಗಿ ಅರಿಯುವುದು ಅದೇ, ಇತರ ಇಂದ್ರಿಯಗಳು ತಂದುಕೊಟ್ಟ ತಿಳಿವಳಿಕೆಯನ್ನು ಪರೀಕ್ಷೆಯ ನೆರವಿನಿಂದ ಸಂದೇಹ ಕಳೆದು ನಿಜವೆಂದು ಒಪ್ಪುವುದೂ ಅದೇ. ಆತ್ಮದ ವಿಚಾರದಲ್ಲಿ ಈ ಎರಡು ಮತಗಳಲ್ಲಿ ಯಾವುದು ಸರಿ ಎಂಬ ತೀರ್ಮಾನ ಇಲ್ಲಿ ಬೇಕಿಲ್ಲ, ಮತ್ತು ಅದ್ವೈತದ ನಿರ್ಲಿಪ್ತ ಸಾಕ್ಷಿಯನ್ನು ನಡೆನುಡಿಯ ಉದಾಸೀನತೆಗೆ ಗುರಾಣಿ ಮಾಡಿಕೊಳ್ಳುವುದು ಆ ದರ್ಶನಕ್ಕೇ ಅಪಚಾರ. ಆದರೆ ಸಂಕಟದ ನಡುವೆ ಕ್ಯಾಮೆರಾ ಹಿಡಿದು ನಿಂತ ಮನುಷ್ಯನಿಗೆ ಮಾದರಿಯಾಗಬಲ್ಲದ್ದು ದುಃಖವನ್ನು ತಾನೇ ಅರಿಯುವ, ಪರೀಕ್ಷಿಸಿ ಒಪ್ಪುವ ಆ ಎರಡನೆಯ ಸಾಕ್ಷಿಯೇ. ಈ ಮಾತಿಗೆ ಅಮೆರಿಕದ ಛಾಯಾಗ್ರಾಹಕ ಡಬ್ಲ್ಯು. ಯೂಜಿನ್ ಸ್ಮಿತ್ ಅವರ ಮಿನಮಾಟ ವರ್ಷಗಳಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮಿನಮಾಟ ಜಪಾನಿನ ಕ್ಯೂಶೂ ದ್ವೀಪದ ಕಡಲತೀರದ ಪಟ್ಟಣ. ಅಲ್ಲಿನ ಚಿಸ್ಸೊ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕದ ತಯಾರಿಕೆಯಲ್ಲಿ ಪಾದರಸವನ್ನು ಬಳಸಿ, ಕೊಳೆನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಅದರಲ್ಲಿದ್ದ ಮೀಥೈಲ್ ಪಾದರಸ ಮೀನು ಚಿಪ್ಪುಜೀವಿಗಳ ಮೈಯಲ್ಲಿ ಸಾಂದ್ರಗೊಂಡು, ಅವನ್ನೇ ಅನ್ನದಂತೆ ಉಣ್ಣುತ್ತಿದ್ದ ಬೆಸ್ತರ ನರಮಂಡಲವನ್ನು ಹಾಳುಮಾಡಿತು. ತಾಯಂದಿರ ಹೊಕ್ಕುಳಬಳ್ಳಿಯ ಮೂಲಕ ಗರ್ಭದ ಕೂಸುಗಳನ್ನೂ ಸೇರಿತು. 1956ರ ಮೇ ತಿಂಗಳಲ್ಲಿ ರೋಗವನ್ನು ಅಧಿಕೃತವಾಗಿ ಗುರುತಿಸಲಾಯಿತಾದರೂ ಕಾರ್ಖಾನೆಯೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ.

1971ರಲ್ಲಿ ಸ್ಮಿತ್ ಮತ್ತು ಅವರ ಪತ್ನಿ ಐಲೀನ್ ಮಿನಮಾಟಕ್ಕೆ ಬಂದು ಬಾಡಿಗೆ ಮನೆ ಹಿಡಿದರು. ಕೆಲವು ವಾರಗಳ ಕೆಲಸವೆಂದು ಬರಬಹುದಾಗಿದ್ದವರು ಸುಮಾರು ಮೂರು ವರ್ಷ ಅಲ್ಲಿಯೇ ನಿಂತು, ರೋಗಪೀಡಿತ ಕುಟುಂಬಗಳ ನೆರೆಹೊರೆಯವರಾಗಿ ಬಾಳಿದರು. ಆ ಹೊತ್ತಿಗೆ ಸ್ಮಿತ್ ಐವತ್ತು ದಾಟಿದ್ದರು. 1945ರಲ್ಲಿ ಓಕಿನಾವಾ ಯುದ್ಧದಲ್ಲಿ ಸಿಡಿದ ಶೆಲ್ಲಿನ ಚೂರುಗಳಿಂದ ಮುಖ ಮತ್ತು ಕೈ ಜರ್ಜರಿತವಾಗಿ, ಎರಡು ವರ್ಷ ಶಸ್ತ್ರಚಿಕಿತ್ಸೆಗಳಲ್ಲಿ ಕಳೆದ ದೇಹ ಅದು. ಅಂದು ಅವರನ್ನು ಗಾಯಗೊಳಿಸಿದ್ದು ಜಪಾನಿನ ಸೈನ್ಯ. ಇಪ್ಪತ್ತಾರು ವರ್ಷಗಳ ಮೇಲೆ ಅವರು ಸಾಕ್ಷಿಯಾಗಿ ನಿಂತದ್ದು ಜಪಾನಿನ ಬಡ ಬೆಸ್ತರ ಪರವಾಗಿ. 1972ರ ಜನವರಿಯಲ್ಲಿ ಟೋಕಿಯೊ ಸಮೀಪದ ಗೋಯಿಯ ಚಿಸ್ಸೊ ಕಾರ್ಖಾನೆಗೆ ರೋಗಿಗಳ ಜೊತೆ ಹೋಗಿದ್ದಾಗ ಅಲ್ಲಿನ ಕೆಲಸಗಾರರು ಅವರನ್ನು ಥಳಿಸಿದರು. ಆ ಪೆಟ್ಟಿನಿಂದ ಅವರ ಕಣ್ಣಿನ ದೃಷ್ಟಿಗೂ ಏಟು ಬಿತ್ತು. ಆಮೇಲೂ ಅವರು ಊರು ಬಿಡಲಿಲ್ಲ.

ಆ ವರ್ಷಗಳ ಚಿತ್ರಗಳಲ್ಲಿ ಹೆಸರಾದುದು 1971ರ ಡಿಸೆಂಬರಿನಲ್ಲಿ ತೆಗೆದ ಸ್ನಾನದ ಚಿತ್ರ. ಜಪಾನೀ ಮನೆಯ ಆಳವಾದ ಸ್ನಾನದ ತೊಟ್ಟಿಯಲ್ಲಿ ತಾಯಿಯೊಬ್ಬಳು ಹದಿಹರೆಯದ ಮಗಳನ್ನು ತೋಳಮೇಲೆ ಮಲಗಿಸಿಕೊಂಡಿದ್ದಾಳೆ. ಗರ್ಭದಲ್ಲೇ ವಿಷ ತಗುಲಿದ ಮಗಳ ಕೈಕಾಲುಗಳು ಸೆಟೆದು ತಿರುಚಿಕೊಂಡಿವೆ, ಕಣ್ಣುಗಳು ಎತ್ತಲೋ ಮೇಲಕ್ಕೆ ನೆಟ್ಟಿವೆ. ಸುತ್ತ ಗಾಢವಾದ ಕತ್ತಲು, ಬೆಳಕು ಇಬ್ಬರ ಮೈಮೇಲೆ ಮಾತ್ರ. ಆದರೆ ನೋಡುವವರ ಕಣ್ಣು ಕೊನೆಗೆ ಹೋಗಿ ನಿಲ್ಲುವುದು ತಾಯಿಯ ಮುಖದಲ್ಲಿ. ಅಲ್ಲಿ ದುಃಖಕ್ಕಿಂತ ಮಿಗಿಲಾಗಿ ಕಾಣುವುದು ಮಗಳನ್ನು ದಿಟ್ಟಿಸುವ ಅಕ್ಕರೆ. ತನ್ನೊಳಗಿನ ವಿಷವನ್ನೆಲ್ಲ ಈ ಕೂಸೇ ಹೀರಿಕೊಂಡು ತನ್ನನ್ನೂ ಮುಂದೆ ಹುಟ್ಟಿದ ಮಕ್ಕಳನ್ನೂ ಉಳಿಸಿತೆಂದು ಆ ತಾಯಿ ನಂಬಿದ್ದಳು, ಮಗಳನ್ನು ಮನೆಯ ನಿಧಿಯೆಂದು ಕರೆಯುತ್ತಿದ್ದಳು. ಈ ನಂಬಿಕೆಯನ್ನು ತಿಳಿಯದ ಛಾಯಾಗ್ರಾಹಕನಿಗೆ ಆ ಮನೆಯಲ್ಲಿ ಕಾಣುತ್ತಿದ್ದುದು ಒಂದು ಅಂಗವಿಕಲ ದೇಹ ಮಾತ್ರ. ತಿಂಗಳುಗಟ್ಟಲೆ ಒಡನಾಡಿದವರಿಗೆ ಕಂಡದ್ದು ತ್ಯಾಗ ಮತ್ತು ಕೃತಜ್ಞತೆ. ಮಧ್ವರು ಹೇಳುವ ಪರೀಕ್ಷೆಯೆಂಬುದು ವೃತ್ತಿಜೀವನದಲ್ಲಿ ಪಡೆಯುವ ರೂಪ ಇದೇ. ಮೊದಲ ನೋಟವನ್ನು ನಂಬದೆ, ಕಂಡದ್ದು ನಿಜವೆಂದು ಒಳಗಿನ ಅರಿವು ಒಪ್ಪುವವರೆಗೆ ಕಾಯುವುದು. 1972ರ ಜೂನಿನಲ್ಲಿ ‘ಲೈಫ್’ ಪತ್ರಿಕೆ ಈ ಚಿತ್ರಗಳನ್ನು ಪ್ರಕಟಿಸಿತು. 1973ರ ಮಾರ್ಚ್‌ನಲ್ಲಿ ಕುಮಾಮೊಟೊ ನ್ಯಾಯಾಲಯ ರೋಗಿಗಳ ಪರವಾಗಿ ತೀರ್ಪು ಕೊಟ್ಟಿತು. ಆ ಗೆಲುವು ದಶಕಗಳ ಕಾಲ ಹೋರಾಡಿದ ರೋಗಿಗಳದು, ಅವರ ವೈದ್ಯರು ವಕೀಲರದು. ಚಿತ್ರದಿಂದ ತೀರ್ಪು ಬಂತೆಂದು ಹೇಳುವುದು ಅವರಿಗೆ ಮಾಡುವ ಅನ್ಯಾಯವಾದೀತು. ಚಿತ್ರ ಮಾಡಿದ್ದು ಆ ಹೋರಾಟವನ್ನು ಜಪಾನಿನ ಹೊರಗೂ ಕಾಣುವಂತೆ ಮಾಡುವ ಕೆಲಸ, ಮತ್ತು ಅದು ಸಣ್ಣದಲ್ಲ.

ಸ್ಮಿತ್ ಅವರನ್ನು ಸಂತರ ಸಾಲಿಗೆ ಸೇರಿಸುವ ಅಗತ್ಯವಿಲ್ಲ. 1954ರಲ್ಲಿ ಅವರು ಪ್ರಕಟಿಸಿದ, ಆಫ್ರಿಕಾದ ಲಂಬರೇನೆಯ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಆಲ್ಬರ್ಟ್ ಶ್ವೈಟ್ಜರ್ ಅವರ ಪ್ರಸಿದ್ಧ ಚಿತ್ರದ ಮುಂಬದಿಯಲ್ಲಿ ಕಾಣುವ ಗರಗಸದ ಹಿಡಿ ಮತ್ತು ಒಂದು ಕೈ ಬೇರೊಂದು ನೆಗೆಟಿವ್‌ನಿಂದ ತಂದು ಸೇರಿಸಿದವು ಎಂಬುದು ಆಮೇಲೆ ತಿಳಿಯಿತು. ತಾನು ಅರಿತ ಸತ್ಯವನ್ನು ಮೂಡಿಸಲು ಚಿತ್ರವನ್ನು ತಿದ್ದಬಹುದೆಂಬ ನಂಬಿಕೆ ಅವರಲ್ಲಿತ್ತು. ಈ ಪ್ರಬಂಧದ ದೃಷ್ಟಿಯಲ್ಲಿ ಅದು ತಪ್ಪು. ಸಾಕ್ಷಿ ಹೇಳುವವನು ಒಂದೇ ಒಂದು ಬಾರಿ ಕಾಣದ್ದನ್ನು ಸೇರಿಸಿ ಹೇಳಿದರೂ ಕಂಡದ್ದೆಲ್ಲದರ ಮೇಲಿನ ನಂಬಿಕೆ ಸಡಿಲಾಗುತ್ತದೆ. ಅದರ ನಷ್ಟ ಅವನಿಗಲ್ಲ, ಅವನು ಯಾರ ಪರವಾಗಿ ನಿಂತನೋ ಅವರಿಗೆ.

ಸಾವಿನ ಚಿತ್ರಗಳ ವಿಚಾರದಲ್ಲಿ, ನೋಡುತ್ತ ನಿಲ್ಲುವುದು ಧರ್ಮವೆ ಎಂಬ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತದ ಬೆನ್ನಿಗೇ ಛಾಯಾಗ್ರಾಹಕರಾದ ರಘು ರಾಯ್ ಮತ್ತು ಪ್ಯಾಬ್ಲೊ ಬಾರ್ತಲೋಮ್ಯೂ ಇಬ್ಬರೂ ಒಂದೇ ಮಗುವಿನ ಸಮಾಧಿಯನ್ನು ಚಿತ್ರಿಸಿದರು. ರಾಯ್ ಅವರ ಚಿತ್ರದಲ್ಲಿ, ಮಣ್ಣಿನಲ್ಲಿ ಹೂತ ಆ ಎಳೆಯ ಮುಖವನ್ನು ಒಂದು ಕೈ ಕೊನೆಯ ಬಾರಿ ನೇವರಿಸುತ್ತಿರುತ್ತದೆ. 2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೆಯ ಅಲೆಯ ಕಾಲದಲ್ಲಿ, ಛಾಯಾಗ್ರಾಹಕ ದಾನಿಶ್ ಸಿದ್ದೀಕಿ ದೆಹಲಿಯಲ್ಲಿ ಸಾಲು ಚಿತೆಗಳನ್ನು ಚಿತ್ರಿಸಿದಾಗ, ಅಂತ್ಯಸಂಸ್ಕಾರವನ್ನು ಲೋಕದ ಮುಂದೆ ಬಿಚ್ಚಿಟ್ಟರೆಂಬ ಆಕ್ಷೇಪ ಎದ್ದಿತು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಂತ್ಯಸಂಸ್ಕಾರವು ಕುಟುಂಬಕ್ಕೂ ಮೃತರಿಗೂ ಸಂಬಂಧಿಸಿದ ಪವಿತ್ರ ಕರ್ಮ. ಆದರೆ ಬಂಧುಗಳು ಹತ್ತಿರ ಬರಲಾಗದೆ, ಸರದಿಯಲ್ಲಿ ಹೆಣಗಳನ್ನು ಇಟ್ಟು ಕಾಯಬೇಕಾಗಿ ಬಂದಾಗ ಆ ಕರ್ಮದ ಘನತೆ ಅದಾಗಲೇ ಭಂಗಗೊಂಡಿತ್ತು. ಅದನ್ನು ಮುಚ್ಚಿಡುವುದರಿಂದ ಮೃತರಿಗೆ ಗೌರವ ಮರಳುತ್ತಿರಲಿಲ್ಲ. ಅವರು ಸತ್ತದ್ದೇ ಸುಳ್ಳಾಗುತ್ತಿತ್ತು. ಸಿದ್ದೀಕಿ ಅದೇ ವರ್ಷ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಯುದ್ಧವನ್ನು ವರದಿ ಮಾಡುತ್ತಿದ್ದಾಗ ಕೊಲ್ಲಲ್ಪಟ್ಟರು.

ಇಂಥವರಿಂದ ದೊರೆಯುವ ಆತ್ಮವಿಶ್ವಾಸ ಯಾವ ಬಗೆಯದೆಂಬುದು ಈಗ ಸ್ವಲ್ಪ ತಿಳಿಯಾಗುತ್ತದೆ. ತಾನೂ ಹಾಗೆ ಗುಂಡುಗಳ ನಡುವೆ ನಡೆದೇನು, ತಾನೂ ಅಂಥ ಚಿತ್ರ ತೆಗೆದೇನು ಎಂಬ ನಂಬಿಕೆ ಅದಲ್ಲ. ಗೀತೆಯ ಹದಿನೇಳನೆಯ ಅಧ್ಯಾಯ ಶ್ರದ್ಧೆಯನ್ನು, ಅಂದರೆ ಮನುಷ್ಯ ತನ್ನ ಇಡೀ ಬಾಳನ್ನು ಯಾವುದರ ಮೇಲೆ ಊರಿ ನಿಲ್ಲಿಸುತ್ತಾನೋ ಆ ದೃಢವಾದ ನಂಬಿಕೆಯನ್ನು, ವಿವರಿಸುವ ಅರ್ಥದಲ್ಲಿ ಇದೊಂದು ಶ್ರದ್ಧೆ: ಒಬ್ಬ ಮನುಷ್ಯನ ಸಂಕಟವನ್ನು ಪೂರ್ತಿಯಾಗಿ, ಸುಳ್ಳು ಬೆರೆಸದೆ, ಅವನ ಋಣದಲ್ಲಿದ್ದೇನೆಂಬ ಅರಿವಿನಿಂದ ನೋಡುವುದು ವ್ಯರ್ಥವಲ್ಲ ಎಂಬ ಭರವಸೆ. ಅದಕ್ಕೆ ಯುದ್ಧಭೂಮಿಯೇ ಬೇಕೆಂದಿಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರು ತಮ್ಮ ದೀರ್ಘ ವೃತ್ತಿಜೀವನದ ಬಹುಭಾಗವನ್ನು ಹಳ್ಳಿಗಳ, ಬೀದಿಗಳ, ಮಕ್ಕಳ ಸಾಮಾನ್ಯ ದಿನಗಳನ್ನು ಚಿತ್ರಿಸುವುದರಲ್ಲಿ ಕಳೆದರು. ಯುನಿಸೆಫ್‌ಗಾಗಿಯೂ ವಿಶ್ವ ಆರೋಗ್ಯ ಸಂಸ್ಥೆಗಾಗಿಯೂ ದುಡಿದರು. ಅವರ ಚಿತ್ರಗಳಲ್ಲಿನ ಬಡವರು ಬಡತನದ ಉದಾಹರಣೆಗಳಾಗಿ ಕಾಣುವುದಿಲ್ಲ, ನೆರೆಮನೆಯವರಾಗಿ ಕಾಣುತ್ತಾರೆ. ಸ್ಮಿತ್ ಮಿನಮಾಟದಲ್ಲಿ ಬಾಡಿಗೆ ಮನೆ ಹಿಡಿದು ಸಂಪಾದಿಸಿದ ನೋಟವೂ ಸತ್ಯನ್ ತಮ್ಮ ಊರಿನ ಬೀದಿಗಳಲ್ಲೇ ಬೆಳೆಸಿಕೊಂಡ ನೋಟವೂ ಒಂದೇ ಜಾತಿಯವು.

ಸಾಕ್ಷಿಯಾದವನ ಋಣ ಚಿತ್ರ ಪ್ರಕಟವಾದ ದಿನಕ್ಕೆ ತೀರುವುದಿಲ್ಲ ಎಂಬುದನ್ನೂ ಮಿನಮಾಟವೇ ತೋರಿಸಿಕೊಟ್ಟಿದೆ. ಸ್ನಾನದ ಚಿತ್ರದಲ್ಲಿದ್ದ ಮಗಳು 1977ರಲ್ಲಿ ತೀರಿಕೊಂಡಳು, ಸ್ಮಿತ್ 1978ರಲ್ಲಿ. ಮಗಳ ಚಿತ್ರ ಇನ್ನೂ ಪುಸ್ತಕಗಳಲ್ಲಿ, ಭಿತ್ತಿಪತ್ರಗಳಲ್ಲಿ ತಿರುಗುತ್ತಲೇ ಇತ್ತು. ಅವಳಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ಹೆತ್ತವರು ಬಯಸಿದಾಗ, ಹಕ್ಕುಗಳನ್ನು ಹೊಂದಿದ್ದ ಐಲೀನ್ ಸ್ಮಿತ್ 1998ರಲ್ಲಿ ಆ ಚಿತ್ರದ ಬಳಕೆಯನ್ನು ನಿರ್ಧರಿಸುವ ಅಧಿಕಾರವನ್ನು ಅವರಿಗೇ ಒಪ್ಪಿಸಿದರು; ಅನಂತರ ಬಹಳ ವರ್ಷಗಳ ಕಾಲ ಅದು ಹೊಸದಾಗಿ ಪ್ರಕಟವಾಗಲಿಲ್ಲ. ಛಾಯಾಗ್ರಹಣದ ಇತಿಹಾಸದ ಒಂದು ಮೇರುಕೃತಿಯನ್ನು ಹೀಗೆ ಕಣ್ಮರೆ ಮಾಡುವುದು ಸರಿಯೆ ಎಂದು ಕೇಳುವವರಿದ್ದಾರೆ. ಸರಿ. ಆ ಚಿತ್ರವನ್ನು ಕೊಟ್ಟದ್ದು ಆ ಮನೆ; ಹಿಂದಕ್ಕೆ ಕೇಳುವ ಹಕ್ಕೂ ಆ ಮನೆಯದೇ.