ಎಡಬಲದ ಪಾಠ

ಕಾರವಾರ, ಅಂಕೋಲಾದಿಂದ ಕೊಲ್ಲಿಗೆ ಹೋದ ಚಾಲಕ ಅರಬ್ಬಿ ಮಾತಿಗಿಂತ ಮೊದಲು ಬಲಮಗ್ಗುಲು ಕಲಿಯಬೇಕು.

*

ದುಬೈಯಲ್ಲಿ ಮೊದಲ ದಿನ ಇಂಡಿಕೇಟರ್ ಹಾಕಲು ಹೋದೆ. ವೈಪರ್ ಎದ್ದು ಒಣ ಗಾಜನ್ನು ಕರಕರ ಉಜ್ಜಿತು. ಊರಲ್ಲಿ ಆಷಾಢದ ಮಳೆ, ಇಲ್ಲಿ ಹನಿಯಿಲ್ಲದ ಆಕಾಶ. ತಲೆ ಒಂದೇ ದಿನದಲ್ಲಿ ಕಲಿತದ್ದನ್ನು ಕೈ ಕಲಿಯಲು ತಿಂಗಳು ಹಿಡಿಯಿತು.

*

ಕಲಿಯುವುದಕ್ಕಿಂತ ಮರೆಯುವುದು ಕಷ್ಟ.

*

ದಟ್ಟಣೆಯಲ್ಲಿ ಮುಂದಿನ ಗಾಡಿಯೇ ದಾರಿ ತೋರಿಸುತ್ತದೆ. ನಸುಕಿನಲ್ಲಿ ಪೆಟ್ರೋಲ್ ಬಂಕಿನಿಂದ ಬರಿದಾದ ರಸ್ತೆಗೆ ಇಳಿಯುವಾಗಲೇ ಹಳೆಯ ರೂಢಿ ಬಂದು ಸ್ಟಿಯರಿಂಗ್ ಹಿಡಿಯುತ್ತದೆ.

*

ಅರಬೈಲ್ ಘಟ್ಟದ ತಿರುವಿನಲ್ಲಿ ಹಾರ್ನ್ ಅಂದರೆ 'ಬರ್ತಾ ಇದ್ದೇನೆ, ಜೋಪಾನ'. ಪರದೇಶದಲ್ಲಿ ಅದೇ ಹಾರ್ನ್ ಬೈಗುಳ. ಸದ್ದಿಗೂ ಊರೂರಿನ ಅರ್ಥವಿದೆ.

*

1928ರಲ್ಲಿ ಪೋರ್ಚುಗಲ್ ರಸ್ತೆಯ ಎಡದಿಂದ ಬಲಕ್ಕೆ ಹೊರಳಿತು. ಅದರ ಆಳ್ವಿಕೆಯಲ್ಲಿದ್ದ ಗೋವಾ ಎಡದಲ್ಲೇ ಉಳಿಯಿತು. 1961ರವರೆಗೆ ನಮ್ಮ ಗಡಿಯೂರು ಮಾಜಾಳಿಯ ಆಚೆ ಬೇರೆ ಬಾವುಟ ಹಾರುತ್ತಿತ್ತು, ರಸ್ತೆಯ ಮಗ್ಗುಲು ಮಾತ್ರ ಒಂದೇ ಆಗಿತ್ತು. ಆಳುವವರು ದೂರದವರಿರಬಹುದು, ಎದುರು ಬರುವವನು ನೆರೆಯವನೇ.

*

1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಸ್ವೀಡನ್ ದೇಶಕ್ಕೆ ದೇಶವೇ ಎಡದಿಂದ ಬಲಕ್ಕೆ ಬಂತು. ಆರಂಭದಲ್ಲಿ ಅಪಘಾತ ಹೆಚ್ಚಲಿಲ್ಲ, ಕಡಿಮೆಯಾದವು. ಅಳುಕಿದ್ದಷ್ಟು ದಿನ ಎಚ್ಚರವೂ ಇರುತ್ತದೆ. 'ನನಗೆ ಬರುತ್ತದೆ' ಅಂದ ದಿನವೇ ಅಪಾಯದ ದಿನ.

*

ಎಮಿರೇಟ್ಸ್‌ನಲ್ಲಿ ಶಾಲಾ ಬಸ್ಸು 'ನಿಲ್ಲಿ' ಫಲಕ ಚಾಚಿದರೆ 5 ಮೀಟರ್ ದೂರದಲ್ಲೇ ನಿಲ್ಲಬೇಕು. ತಪ್ಪಿದರೆ 1,000 ದಿರ್ಹಮ್ ದಂಡ, ಜೊತೆಗೆ 10 ಕಪ್ಪು ಅಂಕ. ಅಂಕ 24 ಆದರೆ ಲೈಸೆನ್ಸ್ ಅಮಾನತು. ಮೊದಮೊದಲು ದಂಡಕ್ಕೆ ಹೆದರಿ ನಿಂತೆ. ಒಂದು ದಿನ, ಇಳಿದ ಮಗು ಚೀಲ ಸರಿಮಾಡಿಕೊಂಡು ಎಡಬಲ ನೋಡದೆ ನನ್ನ ಕಾರಿನ ಮುಂದೆಯೇ ದಾಟಿತು. ಆ ನಂಬಿಕೆ ಕಂಡ ಮೇಲೆ ದಂಡದ ನೆನಪೇ ಆಗಲಿಲ್ಲ.

*

ಘಟ್ಟದಲ್ಲಿ ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು ಅನ್ನುವುದು ನಮ್ಮದೇ ನಿಯಮ. ಒಳ್ಳೆಯ ನಿಯಮಗಳು ನಮ್ಮಲ್ಲೂ ಇವೆ. ಪಾಲಿಸುವ ರೂಢಿಯನ್ನಷ್ಟೇ ನಾವು ಹೊರಗಿನಿಂದ ತರಬೇಕಾಗಿದೆ.

*

ರಸ್ತೆಯ ಮೇಲೆ ಎದುರಿನವನ ಜಾತಿ, ಭಾಷೆ ಯಾವುದೂ ಗೊತ್ತಿರುವುದಿಲ್ಲ. ಅವನು ತನ್ನ ಮಗ್ಗುಲಲ್ಲೇ ಬರುತ್ತಾನೆ ಅನ್ನುವ ಭರವಸೆಯ ಮೇಲೆ ನಾವು ಜೀವಸಹಿತ ಮನೆ ಸೇರುತ್ತೇವೆ.

*

ರಜೆಗೆ ಊರಿಗೆ ಬರುವ ಗೆಳೆಯರೇ, ಬಲಮಗ್ಗುಲನ್ನು ಅಲ್ಲೇ ಬಿಟ್ಟು ಬನ್ನಿ. ಅಲ್ಲಿ ಕಲಿತ ನಿಲ್ಲುವ ಗುಣವನ್ನು ಮಾತ್ರ ಮರೆಯದೆ ತನ್ನಿ. 66ನೇ ಹೆದ್ದಾರಿಯ ಅಂಚಿನಲ್ಲಿ ನಮ್ಮ ಮಕ್ಕಳು ಕೈ ಕೈ ಹಿಡಿದು, ಯಾರಾದರೂ ನಿಲ್ಲಿಸಲಿ ಎಂದು ಕಾಯುತ್ತಿದ್ದಾರೆ.