ಹಲಗೆಯೋ ಯಾತ್ರೆಯೋ

ಶೆವರ್ಲೆ ಕಂಪನಿ 1947ರಿಂದ 1955ರ ಆರಂಭದವರೆಗೆ ತಯಾರಿಸಿದ 3100 ಮಾದರಿಯ ಪಿಕಪ್ ಟ್ರಕ್ಕುಗಳು ಅಮೆರಿಕದ ಎಷ್ಟೋ ಮನೆಗಳ ಶೆಡ್ಡುಗಳಲ್ಲಿ ಇವತ್ತಿಗೂ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ನಿಂತಿವೆ. ಉಬ್ಬಿದ ಬಾನೆಟ್ಟು, ಆರು ಸಿಲಿಂಡರಿನ ಎಂಜಿನ್, ಆರು ವೋಲ್ಟಿನ ಬ್ಯಾಟರಿ, ಕಾಲಿನಿಂದ ಒತ್ತುವ ಸ್ಟಾರ್ಟರ್, ಹಿಂಬದಿಯ ಲೋಡಿನ ಜಾಗಕ್ಕೆ ಮರದ ಹಲಗೆಯ ನೆಲ. ಹುಲ್ಲಿನ ಪಿಂಡಿಯನ್ನೂ ಬೇಲಿಗೂಟವನ್ನೂ ಹೊರಲೆಂದೇ ಹುಟ್ಟಿದ ಗಾಡಿಗಳು ಇವು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಸೀಮೆಯಲ್ಲಿ ಓಡಿದ ಗಾಡಿಯಾದರೆ ಕ್ಯಾಬಿನ ಕೆಳಮೂಲೆಗಳೂ ಕಾಲಿಡುವ ತಗಡೂ ಮೊದಲು ತುಕ್ಕು ಹಿಡಿದು ಉದುರುತ್ತವೆ. ಆ ಭಾಗವನ್ನು ಕತ್ತರಿಸಿ, ಅದೇ ಅಳತೆಗೆ ಇಂದು ಒತ್ತಿ ತಯಾರಿಸಿದ ಹೊಸ ತಗಡನ್ನು ವೆಲ್ಡ್ ಮಾಡುತ್ತಾರೆ. ಬೇರಿಂಗು, ಪಿಸ್ಟನ್ನು, ಬ್ರೇಕಿನ ಪೈಪು, ವೈರಿಂಗು, ಗಾಜಿನ ಸುತ್ತಲ ರಬ್ಬರು, ಹಿಂಬದಿಯ ಹಲಗೆ ಒಂದೊಂದಾಗಿ ಹೊಸದಾಗುತ್ತವೆ. ಕೆಲಸ ಮುಗಿಯುವ ಹೊತ್ತಿಗೆ ಕಾರ್ಖಾನೆಯಿಂದ ಹೊರಟಾಗ ಇದ್ದದ್ದರಲ್ಲಿ ಎಷ್ಟು ಉಳಿದಿದೆ ಎಂದು ಕೇಳಿದರೆ ಉತ್ತರ ಕಷ್ಟ. ಆದರೂ ಮಾಲೀಕ ಅದನ್ನು ತನ್ನ ಅಜ್ಜನ ಟ್ರಕ್ಕು ಎನ್ನುತ್ತಾನೆ. ಆ ಮಾತು ಬರಿಯ ಮಮತೆಯಿಂದ ಬಂದದ್ದೋ, ಅದರಲ್ಲಿ ಸತ್ಯವೂ ಇದೆಯೋ? ಸತ್ಯವಿದೆ ಎಂಬುದು ನನ್ನ ವಾದ. ಆ ಸತ್ಯ ಲೋಹದಲ್ಲಿಲ್ಲ, ಕಾಗದದಲ್ಲಿಲ್ಲ; ಗಾಡಿ ಯಾವ ಕೆಲಸಕ್ಕಾಗಿ ರಿಪೇರಿಯಾಗುತ್ತ ಬಂತೋ ಆ ಕೆಲಸ ಕಡಿಯದೆ ನಡೆದಿರುವುದರಲ್ಲಿದೆ.

ಕಾನೂನು ಈ ಪ್ರಶ್ನೆಯನ್ನು ಒಂದು ಸಂಖ್ಯೆಯಿಂದ ಮುಗಿಸುತ್ತದೆ. ಈ ಟ್ರಕ್ಕುಗಳಲ್ಲಿ ಚಾಲಕನ ಬದಿಯ ಬಾಗಿಲ ಕಂಬದ ಮೇಲೆ ಒಂದು ಚಿಕ್ಕ ಲೋಹದ ಪಟ್ಟಿಯಿದೆ. ಅದರಲ್ಲಿ ಕೆತ್ತಿದ ಅಂಕಿಯೂ ಮಾಲೀಕತ್ವದ ಪತ್ರವೂ ಹೊಂದಿದರೆ ಸರ್ಕಾರದ ಲೆಕ್ಕದಲ್ಲಿ ಗಾಡಿ ಅದೇ. ಆದರೆ ಹಿಂದೆ ಕೆಲವು ರಾಜ್ಯಗಳು ಎಂಜಿನ್ನಿನ ಸಂಖ್ಯೆಯನ್ನೇ ಪತ್ರದಲ್ಲಿ ಬರೆಯುತ್ತಿದ್ದವು. ಹಾಗಾದರೆ ಎಂಜಿನ್ ಬದಲಿಸಿದ ದಿನ ಗಾಡಿಯೇ ಬದಲಾಯಿತೆನ್ನಬೇಕಾಗುತ್ತದೆ. ಸಂಖ್ಯೆ ಕಳ್ಳತನವನ್ನು ತಡೆಯಲು ಬೇಕು. ಗಾಡಿ ಯಾವುದೆಂದು ತಿಳಿಯಲು ಅದೊಂದು ಗುರುತು ಮಾತ್ರ. ಸಂಗ್ರಾಹಕರ ಉತ್ತರ ಇನ್ನೊಂದು: ಮೂಲ ಲೋಹ ಎಷ್ಟು ಉಳಿದಿದೆಯೋ ಅಷ್ಟು ಮೂಲ ಗಾಡಿ. ಇದು ಕಟ್ಟುನಿಟ್ಟಾದ ನಿಲುವಿನಂತೆ ಕಾಣುತ್ತದೆ, ಆದರೆ ಗೆರೆ ಎಲ್ಲಿ ಎಳೆಯಬೇಕೆಂದು ಅದಕ್ಕೆ ತಿಳಿಯದು. ಹೊಸ ಟೈರು ಹಾಕಿದರೆ ಗಾಡಿ ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಕ್ಯಾಬಿನ ಮೂಲೆಗೆ ಹೊಸ ತಗಡು ಬಂದರೆ ಸ್ವಲ್ಪ ಬೇರೆಯೇ? ಚಾಸಿಗೆ ಬಂದರೆ ಪೂರ್ತಿ ಬೇರೆಯೇ? ನಮ್ಮ ನ್ಯಾಯ-ವೈಶೇಷಿಕರು ಈ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದ್ದಾರೆ. ಅವಯವಗಳಲ್ಲಿ ಅವಯವಿಯೆಂಬ ಬೇರೊಂದು ವಸ್ತು ನೆಲೆಸಿದೆ, ಒಂದು ಅವಯವ ಹೋದರೂ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ ಎಂದು ಅವರು ಒಪ್ಪಿಕೊಂಡರು. ತರ್ಕ ಗಟ್ಟಿಯಾಗಿದೆ. ಆದರೆ ಅದರ ಪ್ರಕಾರ ಒಂದು ಬೋಲ್ಟು ಬದಲಿಸಿದಾಗಲೂ ಹೊಸ ಟ್ರಕ್ಕು. ಆಗ ‘ಹಳೆಯ ಟ್ರಕ್ಕನ್ನು ರಿಪೇರಿ ಮಾಡಿದೆ’ ಎಂಬ ವಾಕ್ಯಕ್ಕೇ ಅರ್ಥ ಉಳಿಯುವುದಿಲ್ಲ.

ಗಾಡಿಯನ್ನೇ ಎದುರಿಗಿಟ್ಟುಕೊಂಡು ಈ ಪ್ರಶ್ನೆ ಕೇಳಿದವನು ಬೌದ್ಧ ಭಿಕ್ಷು ನಾಗಸೇನ. ಮಿಲಿಂದಪಞ್ಹವೆಂಬ ಗ್ರಂಥದಲ್ಲಿ ಅವನು ಮಿಲಿಂದ ರಾಜನನ್ನು ಮೊದಲು ಕೇಳುವುದು, ನೀನು ನಡೆದು ಬಂದೆಯೋ ರಥದಲ್ಲಿ ಬಂದೆಯೋ ಎಂದು. ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ, ಎಲ್ಲ ಸೇರಿದ್ದು ರಥವೇ ಎಂಬ ಸಾಲು ಪ್ರಶ್ನೆಗಳಿಗೆಲ್ಲ ರಾಜ ಅಲ್ಲವೆನ್ನುತ್ತಾನೆ. ಕಡೆಗೆ ಬಿಡಿಭಾಗಗಳನ್ನು ಆಶ್ರಯಿಸಿ ನಡೆಯುವ ವ್ಯವಹಾರದ ಹೆಸರು ಮಾತ್ರ ರಥ ಎಂಬಲ್ಲಿ ಮಾತು ನಿಲ್ಲುತ್ತದೆ. ಈ ಸಂವಾದವನ್ನು ಶೂನ್ಯದ ಪಾಠವಾಗಿ ಓದುವುದು ರೂಢಿ. ನನಗೆ ಮುಖ್ಯವಾಗಿ ಕಾಣುವುದು ಆ ಮೊದಲ ಪ್ರಶ್ನೆ. ರಥದ ತಿರುಳು ಎಲ್ಲಿಯೂ ಸಿಗಲಿಲ್ಲ, ನಿಜ. ಆದರೆ ರಾಜ ಬಂದದ್ದು ಅದರಲ್ಲೇ, ಅದನ್ನು ಇಬ್ಬರೂ ಅಲ್ಲಗಳೆಯುವುದಿಲ್ಲ. ಅದೇ ಗ್ರಂಥದಲ್ಲಿ ನಾಗಸೇನ ರಾತ್ರಿಯಿಡೀ ಉರಿಯುವ ದೀಪದ ದೃಷ್ಟಾಂತ ಕೊಡುತ್ತಾನೆ: ಮೊದಲ ಜಾವದ ಜ್ವಾಲೆ ಕೊನೆಯ ಜಾವದ ಜ್ವಾಲೆಯಲ್ಲ, ಬೇರೆಯದೂ ಅಲ್ಲ, ಒಂದನ್ನು ಆಶ್ರಯಿಸಿ ಇನ್ನೊಂದು ಉರಿಯಿತು. ದುರಸ್ತಿಯ ಸ್ವರೂಪವೂ ಇದೇ. ಹೊಸ ತಗಡನ್ನು ಹಳೆಯ ಕ್ಯಾಬು ತನ್ನ ಅಳತೆಯಲ್ಲಿ ಬರಮಾಡಿಕೊಳ್ಳುತ್ತದೆ, ನಾಳೆ ಇನ್ನೊಂದು ಮೂಲೆ ಹೋದಾಗ ಅದೇ ತಗಡು ಮುಂದಿನದಕ್ಕೆ ಆಸರೆಯಾಗುತ್ತದೆ.

ಗ್ರೀಕರ ಕಡೆಯ ಉದಾಹರಣೆ ಇದಕ್ಕಿಂತ ಪ್ರಸಿದ್ಧ. ಥೀಸಿಯಸ್ ಕ್ರೀಟ್‌ನಿಂದ ಮರಳಿದ ಮೂವತ್ತು ಹುಟ್ಟಿನ ಹಡಗನ್ನು ಅಥೆನ್ಸಿನವರು ಹಳೆಯ ಹಲಗೆ ತೆಗೆದು ಹೊಸತು ಜೋಡಿಸುತ್ತ ಉಳಿಸಿಕೊಂಡರೆಂದೂ, ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞಾನಿಗಳು ಜಗಳವಾಡಿದರೆಂದೂ ಪ್ಲೂಟಾರ್ಕ್ ಬರೆದ. ತೆಗೆದ ಹಲಗೆಗಳನ್ನೆಲ್ಲ ಕೂಡಿಟ್ಟು ಯಾರಾದರೂ ಎರಡನೇ ಹಡಗು ಕಟ್ಟಿದರೆ ಯಾವುದು ನಿಜವಾದದ್ದು ಎಂದು 1655ರಲ್ಲಿ ಥಾಮಸ್ ಹಾಬ್ಸ್ ಕೇಳಿದ. ಅಂದಿನಿಂದ ತರಗತಿಗಳಲ್ಲಿ ಹಲಗೆಗಳ ಎಣಿಕೆ ನಡೆದೇ ಇದೆ. ಆದರೆ ಆ ಹಡಗು ದಡದಲ್ಲಿ ನಿಂತ ಪ್ರದರ್ಶನದ ವಸ್ತುವಾಗಿರಲಿಲ್ಲ. ಪ್ಲೇಟೋನ ‘ಫೀಡೋ’ ಓದಿದವರಿಗೆ ಗೊತ್ತು: ಅಪೊಲೊ ದೇವರಿಗೆ ಹೊತ್ತ ಹರಕೆಯಂತೆ ಅದು ವರ್ಷವರ್ಷವೂ ಡೀಲೋಸ್ ದ್ವೀಪಕ್ಕೆ ಯಾತ್ರೆ ಹೋಗುತ್ತಿತ್ತು, ಅದು ಮರಳುವವರೆಗೆ ಊರಿನಲ್ಲಿ ಯಾರ ಮರಣದಂಡನೆಯನ್ನೂ ಜಾರಿಗೊಳಿಸುವಂತಿರಲಿಲ್ಲ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್‌ಗೆ ತೀರ್ಪಿನ ನಂತರವೂ ಸುಮಾರು ಒಂದು ತಿಂಗಳ ಆಯುಸ್ಸು ಸಿಕ್ಕಿದ್ದು ಈ ಹಡಗು ಸಮುದ್ರದಲ್ಲಿದ್ದದ್ದರಿಂದ. ಹಲಗೆ ಬದಲಿಸಿದ್ದು ಯಾಕೆಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೊಳೆತ ಹಲಗೆಯಲ್ಲಿ ಡೀಲೋಸ್ ಮುಟ್ಟಲಾಗದು. ಹರಕೆ ತಪ್ಪಬಾರದು, ಆದ್ದರಿಂದ ಹಲಗೆ ಹೊಸದಾಯಿತು. ಹಾಬ್ಸ್ ಕಲ್ಪಿಸಿದ ಎರಡನೇ ಹಡಗಿನಲ್ಲಿ ಮೂಲ ಮರವೆಲ್ಲ ಇರಬಹುದು, ಯಾತ್ರೆ ಮಾತ್ರ ಇಲ್ಲ.

ಇದೇ ತಿಳಿವಳಿಕೆ ಕನ್ನಡದ ಶಾಸನಗಳಲ್ಲೂ ಕಲ್ಲಿನ ಮೇಲೆ ಕೂತಿದೆ. ಕಲ್ಯಾಣ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಕ್ಕೆ, ನಂದಾದೀವಿಗೆಗೆ, ತಪೋಧನರ ಆಹಾರದಾನಕ್ಕೆ ಎಂದು ಭೂಮಿ ಬಿಡುವಾಗ ಅದೇ ಉಸಿರಿನಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಬಿಡುತ್ತಾರೆ. ಕಟ್ಟಡ ಮುರಿಯುತ್ತದೆ, ಬಿರುಕು ಬಿಡುತ್ತದೆ ಎಂಬುದು ದಾನದ ದಿನವೇ ಒಪ್ಪಿಕೊಂಡ ಸಂಗತಿ. ಅದರ ಖರ್ಚು ದೀಪದೆಣ್ಣೆಯ ಖರ್ಚಿನ ಪಕ್ಕದಲ್ಲೇ ಕೂರುತ್ತದೆ. ಗರ್ಭಗುಡಿಯ ಕೆಲಸ ನಡೆಯುವಾಗ ಪೂಜೆ ನಿಲ್ಲಬಾರದೆಂದು ಬಾಲಾಲಯ ಕಟ್ಟಿ ಅಲ್ಲಿ ಆರಾಧನೆ ಮುಂದುವರಿಸುವ ಪದ್ಧತಿಯೂ ಇದೆ. ಕಂಬ ಹೊಸದಾದರೂ ದೇಗುಲ ಹಳೆಯದೇ ಆಗಿರುವುದು ಪೂಜೆ ಕಡಿಯದ ಕಾರಣಕ್ಕೆ. ಟ್ರಕ್ಕು ದೇವಸ್ಥಾನವಲ್ಲ, ಎರಡನ್ನೂ ಸಮನಾಗಿಡುವ ಉದ್ದೇಶ ನನಗಿಲ್ಲ. ಮನುಷ್ಯ ಕಟ್ಟಿದ, ಸವೆಯುವ, ಬೇರೆಯವರ ಉಪಯೋಗಕ್ಕೆಂದು ಇರುವ ಯಾವ ವಸ್ತುವಿಗೂ ಈ ತರ್ಕ ಸಲ್ಲುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಮನೆಯಲ್ಲಿ ನಡೆಯುವ ದುರಸ್ತಿಗೆ ಇಲ್ಲಿ ವಿಶೇಷ ಬೆಲೆಯಿದೆ. ಕ್ಯಾಬು, ಎಂಜಿನ್, ಪಾಟಾ ಎಲ್ಲವನ್ನೂ ಚಾಸಿಯಿಂದ ಕಳಚಿ, ಒಂದೊಂದನ್ನೂ ಹೊಳೆಯುವಂತೆ ಮಾಡಿ ಮತ್ತೆ ಜೋಡಿಸುವುದು ಒಂದು ವಿಧಾನ. ಚೆನ್ನಾಗಿ ಮಾಡಿದರೆ ಅದ್ಭುತವಾಗಿ ಕಾಣುತ್ತದೆ, ಆದರೆ ಆ ಅವಧಿಯಲ್ಲಿ ಟ್ರಕ್ಕು ಎಂಬುದೇ ಇರುವುದಿಲ್ಲ, ರಾಶಿ ಮಾತ್ರ ಇರುತ್ತದೆ. ಇನ್ನೊಂದು ವಿಧಾನದಲ್ಲಿ ಗಾಡಿ ಓಡುತ್ತಲೇ ರಿಪೇರಿಯಾಗುತ್ತದೆ: ಈ ತಿಂಗಳು ಬ್ರೇಕು, ಮುಂದಿನ ತಿಂಗಳು ವೈರಿಂಗು, ಮಳೆಗಾಲ ಕಳೆದ ಮೇಲೆ ಟಿಂಕರಿಂಗ್. ನಡುನಡುವೆ ಗೊಬ್ಬರದ ಚೀಲವನ್ನೋ ಸೌದೆಯನ್ನೋ ಹೊತ್ತು ಬರುತ್ತದೆ. ಯಾವ ಭಾಗ ಯಾವಾಗ ಸೋತಿತು, ಅದರ ಜಾಗಕ್ಕೆ ಏನು ಬಂತು ಎಂಬುದು ಕೈಯಿಂದ ಮಾಡಿದವನಿಗೆ ತಿಳಿದಿರುತ್ತದೆ. ನಿರಂತರತೆಗೆ ಸಾಕ್ಷಿಯಾಗಬಲ್ಲವನು ಅವನೇ. ಮರದ ನೆಲದ ವಿಷಯದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಇಂದು ಅನೇಕರು ಓಕ್ ಮರ ತಂದು, ವಾರ್ನಿಷ್ ಬಳಿದು, ಊಟದ ಮೇಜಿಗಿಂತ ನಯವಾಗಿ ಮಾಡುತ್ತಾರೆ, ಆಮೇಲೆ ಅದರ ಮೇಲೆ ಒಂದು ಇಟ್ಟಿಗೆ ಇಡಲೂ ಬಿಡುವುದಿಲ್ಲ. ಹೊರೆ ಹೊರಲಾರದ ಹಲಗೆ ಎಷ್ಟೇ ಸುಂದರವಾಗಿದ್ದರೂ ಈ ಗಾಡಿಯ ಹಲಗೆಯಲ್ಲ ಎಂದೇ ನನಗನಿಸುತ್ತದೆ.

ಬಳಸಿದರೆ ಇತಿಹಾಸದ ಸಾಕ್ಷ್ಯ ಸವೆದುಹೋಗುತ್ತದಲ್ಲ ಎಂದು ಸಂರಕ್ಷಕರು ಕೇಳಬಹುದು. ಮೂಲ ಬಣ್ಣ, ಬಾಗಿಲ ಮೇಲೆ ಹಳೆಯ ಒಡೆಯ ಬರೆಸಿದ ಫಾರ್ಮಿನ ಹೆಸರು, ಕಾರ್ಖಾನೆಯ ವೆಲ್ಡಿಂಗಿನ ಗುರುತು ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಆಕ್ಷೇಪ ನ್ಯಾಯವಾದದ್ದು. ಯಾರ ಕೈಯೂ ತಾಗದೆ ಉಳಿದ ಗಾಡಿಗಳನ್ನು ವಸ್ತುಸಂಗ್ರಹಾಲಯ ಹಾಗೆಯೇ ಇಡಲಿ. ಮನೆಯ ಗಾಡಿಯಲ್ಲೂ ಗಟ್ಟಿಯಾಗಿರುವ ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವುದು ಅನವಶ್ಯಕ. ಆದರೆ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ರೂಪಿಸಿದ ಟ್ಯುರಿನ್ ಸನ್ನದು ಕೂಡ ವಾಹನವನ್ನು ರಸ್ತೆಯಲ್ಲಿ ಓಡಿಸುವುದನ್ನು ಸಂರಕ್ಷಣೆಯ ಭಾಗವೆಂದೇ ಎಣಿಸುತ್ತದೆ. ಕಾಲಿನಿಂದ ಸ್ಟಾರ್ಟರ್ ಒತ್ತಿದಾಗ ಆರು ವೋಲ್ಟಿನ ಮೋಟಾರು ನಿಧಾನವಾಗಿ ಎಂಜಿನ್ ತಿರುಗಿಸುವ ಸದ್ದು, ಇಳಿಜಾರಿನಲ್ಲಿ ಬ್ರೇಕಿಗಿಂತ ಮೊದಲು ಗೇರು ಇಳಿಸುವ ಅಭ್ಯಾಸ, ಇವೂ ಸಾಕ್ಷ್ಯಗಳೇ. ಗಾಜಿನ ಪೆಟ್ಟಿಗೆಯಲ್ಲಿ ಅವು ಉಳಿಯುವುದಿಲ್ಲ.

ಧರ್ಮದ ಕಡೆಯಿಂದ ಬರುವ ಆಕ್ಷೇಪ ಇನ್ನೂ ಆಳದ್ದು. ಎಲ್ಲವೂ ಅನಿತ್ಯವೆಂದ ಮೇಲೆ ತುಕ್ಕು ಹಿಡಿದ ಕಬ್ಬಿಣಕ್ಕೆ ಹಣವನ್ನೂ ಆಯುಸ್ಸನ್ನೂ ಸುರಿಯುವುದು ಮೋಹವಲ್ಲವೆ? ಮೋಹವಾಗಬಹುದು. ಆದರೆ ಯಾವಾಗ ಆಗುತ್ತದೆ ಎಂದು ನೋಡಬೇಕು. ಗೀರು ಬಿದ್ದೀತೆಂದು ಗಾಡಿಯನ್ನು ಮುಸುಕಿನಡಿ ಮುಚ್ಚಿಟ್ಟವನು ಅನಿತ್ಯವನ್ನು ನಿರಾಕರಿಸುತ್ತಿದ್ದಾನೆ. ಓಡಿಸುವವನು ಪ್ರತಿ ಮೈಲಿಗೂ ಏನನ್ನೋ ಬಿಟ್ಟುಕೊಡುತ್ತಾನೆ: ಬ್ರೇಕಿನ ಲೈನಿಂಗು ಸವೆಯುತ್ತದೆ, ಹಲಗೆಗೆ ಗಾಯವಾಗುತ್ತದೆ, ಹಾಕಿದ ಹೊಸ ತಗಡಿಗೂ ಒಂದು ದಿನ ತುಕ್ಕು ಬರುತ್ತದೆ. ಈಶಾವಾಸ್ಯೋಪನಿಷತ್ತು ತನ್ನ ಮೊದಲ ಮಂತ್ರದಲ್ಲೇ ತ್ಯಾಗವನ್ನೂ ಅನುಭವವನ್ನೂ ಒಟ್ಟಿಗೆ ಇಟ್ಟಿದೆ. ಸವೆಯಲು ಬಿಟ್ಟು ಬಳಸುವುದು, ಸವೆದದ್ದನ್ನು ದುಃಖವಿಲ್ಲದೆ ಬದಲಿಸುವುದು ಆ ಮಾತಿಗೆ ಹತ್ತಿರದ ನಡತೆ. ಹಳೆಯ ಗಾಡಿ ಹೊಗೆ ಕಾರುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರವಿಲ್ಲ. ಹೊಗೆ ಶುದ್ಧಿಯ ಯಾವ ಸಾಧನವೂ ಇಲ್ಲದ ಎಂಜಿನ್ನಿನಲ್ಲಿ ದಿನಾ ಊರಾಚೆಯ ಕಚೇರಿಗೆ ಹೋಗಿಬರುವುದು ಸರಿಯಲ್ಲ. ತೋಟದ, ಊರೊಳಗಿನ ಕೆಲಸಕ್ಕೆ ಮಿತಿಗೊಳಿಸಬೇಕು.

ಕೆಲಸವೇ ಗುರುತಾದರೆ, ಹಳೆಯ ಕ್ಯಾಬನ್ನು ಇಂದಿನ ಚಾಸಿಯ ಮೇಲೆ ಕೂರಿಸಿ ಹೊಸ ವಿ-8 ಎಂಜಿನ್ ಹಾಕಿದ ಗಾಡಿಯೂ ಅದೇ ಟ್ರಕ್ಕೇ ಎಂಬುದು ಕೊನೆಯ ಪ್ರಶ್ನೆ. ಅಲ್ಲ. ಅಲ್ಲಿ ಓಡುವುದು, ನಿಲ್ಲುವುದು, ಹೊರುವುದು ಎಲ್ಲವೂ ಬೇರೊಂದು ವಾಹನದ್ದು. ಹಳೆಯ ಜ್ವಾಲೆಯಿಂದ ಅದು ಹೊತ್ತಿಕೊಂಡದ್ದಲ್ಲ. ಕಟ್ಟುವುದು ತಪ್ಪೇನಲ್ಲ, ಹೊಸ ಗಾಡಿ ಎಂದು ಹೇಳಿದರಾಯಿತು. ಬ್ರೇಕಿನ ಮಾತು ಬೇರೆ. ಈ ಟ್ರಕ್ಕುಗಳ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಸರ್ಕ್ಯೂಟು. ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಎರಡು ಸರ್ಕ್ಯೂಟಿನ ಸಿಲಿಂಡರ್ ಜೋಡಿಸುವುದು, ಸೀಟ್ ಬೆಲ್ಟ್ ಹಾಕುವುದು ಮೂಲಕ್ಕೆ ದ್ರೋಹವೆಂದು ವಾದಿಸುವವರಿದ್ದಾರೆ. ಆದರೆ ಗಾಡಿ ಓಡುವ ರಸ್ತೆ 1950ರದ್ದಾಗಿ ಉಳಿದಿಲ್ಲ, ಎದುರಿಗೆ ಬರುವವರ ಪ್ರಾಣಕ್ಕೆ ಚಾಲಕ ಹೊಣೆ. ಡೀಲೋಸಿಗೆ ಹೋಗಿ ಸುರಕ್ಷಿತವಾಗಿ ಮರಳಲು ಬೇಕಾದ ಹಲಗೆಯೊಂದು ಮೂಲ ಹಡಗಿನಲ್ಲಿ ಇರಲಿಲ್ಲವೆಂದಾದರೆ, ಅಥೆನ್ಸಿನ ಬಡಗಿ ಅದನ್ನೂ ಹಾಕಬೇಕಾಗಿತ್ತು.