ನಿಂತೇ ತೇಲುವವರು

ಎರಡು ವರ್ಷಕ್ಕೊಮ್ಮೆ, ಫೆಬ್ರುವರಿಯಲ್ಲಿ, ಯಲಹಂಕದ ನಮ್ಮ ಮನೆಗಳ ಕಿಟಕಿಯ ಗಾಜುಗಳು ನಡುಗುತ್ತವೆ. ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವ ದಿನಗಳವು. ಮಾತಿನ ನಡುವೆ ಯುದ್ಧವಿಮಾನವೊಂದು ತಲೆಯ ಮೇಲೆ ಹಾದುಹೋದರೆ ಅದರ ಸದ್ದು ಅಡಗುವವರೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಯುತ್ತೇವೆ. ಅಂಥದೊಂದು ಬಿಡುವಿನಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು, ಆಂಟೊನೊವ್ ವಿಮಾನಗಳ ಜೊತೆ ಅರ್ಧ ಆಯುಷ್ಯ ಕಳೆದು ಆ ನೆಪದಲ್ಲೇ ಒಂದಿಷ್ಟು ರಷ್ಯನ್ ಕಲಿತವರು, ನನ್ನ ಮೊಮ್ಮಗಳ ಕೈಯಲ್ಲಿದ್ದ ಬಲೂನನ್ನು ನೋಡುತ್ತ ಕೇಳಿದರು: "ಬಲೂನಲ್ಲಿ ಕೂತು ಆಕಾಶಕ್ಕೆ ಹೋಗೋನಿಗೆ ರಷ್ಯನ್ನರು ಏನಂತಾರೆ ಗೊತ್ತಾ ಮೇಷ್ಟ್ರೇ? ವಜ್ದುಖಪ್ಲಾವತೆಲ್. ಗಾಳೀಲಿ ಈಜೋನು ಅಂತ. ಹಾರೋನು ಅಲ್ಲ, ನೋಡಿ."

ಆ ಪದ ನನ್ನ ನಾಲಿಗೆಗೆ ಹೊರಳಲಿಲ್ಲ, ಆದರೆ ಅದರ ಒಳಗಿದ್ದ 'ಪ್ಲಾವ' ಕಿವಿಯಲ್ಲಿ ಉಳಿಯಿತು. ಅದು ಪರಕೀಯವೇನಲ್ಲ; 2021ರ ಯುಗಾದಿಯಂದು ಕಾಲಿಟ್ಟ ಪ್ಲವ ಸಂವತ್ಸರದ ಹೆಸರಿಗೂ ಅದಕ್ಕೂ ಬೇರು ಒಂದೇ. ಪ್ಲವ ಎಂದರೆ ತೇಲುವುದು, ತೆಪ್ಪ. ಇಂಗ್ಲಿಷಿನವರು ಅದೇ ಮನುಷ್ಯನನ್ನು ಗ್ರೀಕಿನಿಂದ ಪದ ತಂದು ಏರೋನಾಟ್ ಎಂದರು: ಗಾಳಿಯ ನಾವಿಕ. ಆ 'ನಾಟ್' ನಮ್ಮ ನೌಕೆಯ ದಾಯಾದಿ. ಮುಂದೆ ಮನುಷ್ಯ ಗಾಳಿಯನ್ನೂ ದಾಟಿ ಹೋದಾಗ ಅಮೆರಿಕದವರು ನಕ್ಷತ್ರದ ನಾವಿಕ ಎಂಬರ್ಥದ ಆಸ್ಟ್ರೋನಾಟ್ ಎಂದೂ ರಷ್ಯನ್ನರು ವಿಶ್ವದ ನಾವಿಕ ಎಂಬರ್ಥದ ಕಾಸ್ಮೊನಾಟ್ ಎಂದೂ ಅದನ್ನು ಹಿಗ್ಗಿಸಿಕೊಂಡರು. ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನದಲ್ಲಿ ಕೂತು ಗಗನಯಾನದ ಕನಸು ಕಂಡ ನಮ್ಮವರು, ಆ ಕನಸಿಗೆ ಆಯ್ಕೆಯಾದ ನಾಲ್ವರನ್ನು ತರಬೇತಿಗೆಂದು ರಷ್ಯಕ್ಕೇ ಕಳಿಸಿದರೂ ಹೆಸರನ್ನು ಮಾತ್ರ ಅಲ್ಲಿಂದ ತರಲಿಲ್ಲ, ಗಗನಯಾತ್ರಿ ಎಂದರು. ನಾವಿಕನಿಗೆ ಚುಕ್ಕಾಣಿಯುಂಟು. ಯಾತ್ರಿಗೆ ಇರುವುದು ಹೊರಡುವ ಮನಸ್ಸು, ಹೋಗಬೇಕಾದ ಊರು, ಅಷ್ಟೇ ಅಲ್ಲವೇ?

ಬಲೂನಿನ ಮನುಷ್ಯ ಈ ಇಬ್ಬರಲ್ಲಿ ಯಾರು? ಅವನಿಗೆ ಚುಕ್ಕಾಣಿಯಿಲ್ಲ, ಊರನ್ನೂ ಅವನು ಮೊದಲೇ ಗಟ್ಟಿಯಾಗಿ ಹೇಳುವಂತಿಲ್ಲ. ಇನ್ನೂ ವಿಚಿತ್ರವೆಂದರೆ ಅವನನ್ನು ಈಜುವವನೆಂದೂ ನಾವಿಕನೆಂದೂ ಕರೆದ ಅದೇ ಭಾಷೆಗಳು ಅವನ ವಾಹನವನ್ನು ಏರೋಸ್ಟಾಟ್ ಎನ್ನುತ್ತವೆ: ಗಾಳಿಯಲ್ಲಿ ನಿಂತದ್ದು. ಆ 'ಸ್ಟಾಟ್' ನಮ್ಮ ಸ್ಥಾವರದ ನೆಂಟ. ಸ್ಥಾವರ ಜಂಗಮಗಳ ಬಗ್ಗೆ ಶತಮಾನಗಳಿಂದ ಯೋಚಿಸುತ್ತ ಬಂದ ನಾಡಿನವರಾದ ನಮಗೆ, ನಿಂತದ್ದರ ಮೇಲೆ ಕೂತು ಚಲಿಸುವ ಈ ಒಗಟು ಅಷ್ಟು ಸುಲಭಕ್ಕೆ ಬಿಟ್ಟುಹೋಗುವಂಥದಲ್ಲ.

ಆದರೆ ಆ ಎರಡೂ ಮಾತು ನಿಜ. ಬಲೂನು ಗಾಳಿಯ ಜೊತೆಗೇ, ಗಾಳಿಯ ವೇಗದಲ್ಲೇ ಸಾಗುವುದರಿಂದ ಬುಟ್ಟಿಯಲ್ಲಿ ನಿಂತವನಿಗೆ ಗಾಳಿಯೇ ತಾಕುವುದಿಲ್ಲ. ಕೆಳಗೆ ಕೆರೆ, ತೋಟ, ಊರುಗಳು ಹಿಂದೆ ಸರಿಯುತ್ತಿದ್ದರೂ ಅವನ ಕೈಯಲ್ಲಿನ ಕರವಸ್ತ್ರ ಜೋತುಬಿದ್ದೇ ಇರುತ್ತದೆ. ಕಾಲದ ಗಾಳಿಯಲ್ಲಿ ನಾವೂ ಹೀಗೆಯೇ ಇದ್ದೇವೇನೋ. ಎಲ್ಲರ ಜೊತೆ, ಎಲ್ಲರಷ್ಟೇ ವೇಗದಲ್ಲಿ ಹೋಗುತ್ತಿರುವಾಗ ನಾವು ಇದ್ದಲ್ಲೇ ಇದ್ದೇವೆಂದು, ನಮ್ಮ ಅಭಿಪ್ರಾಯಗಳು ಅಚಲವೆಂದು ಅನ್ನಿಸುತ್ತದೆ. ಬಗ್ಗಿ ನೆಲವನ್ನು ನೋಡಿದಾಗಲಷ್ಟೇ ಎಷ್ಟು ದೂರ ಬಂದುಬಿಟ್ಟೆವೆಂದು ಗೊತ್ತಾಗುವುದು.

ಹಾಗಾದರೆ ಬಲೂನಿನವನ ಕೈಯಲ್ಲಿ ಏನೂ ಇಲ್ಲವೇ? ಒಂದು ಇದೆ, ಎತ್ತರ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತಿರಬಹುದು. ಏರಿಯೋ ಇಳಿದೋ ತನಗೆ ಬೇಕಾದ ಗಾಳಿಯನ್ನು ಹುಡುಕಿಕೊಳ್ಳುವುದೇ ಅವನ ವಿದ್ಯೆ. 1783ರ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ, ಮಾಂಗೊಲ್ಫಿಯೆ ಸೋದರರ ಬಲೂನಿನಲ್ಲಿ ಮನುಷ್ಯರು ಮೊದಲ ಸಲ ಬಂಧನವಿಲ್ಲದೆ ತೇಲಿದಾಗ, ಅದರಲ್ಲಿದ್ದ ಇಬ್ಬರು ಇಪ್ಪತ್ತೈದು ನಿಮಿಷ ಮಾಡಿದ್ದು ಎರಡೇ ಕೆಲಸ: ಒಲೆಗೆ ಹುಲ್ಲು ಒಡ್ಡುವುದು, ಕಿಡಿ ಹಾರಿ ಬಟ್ಟೆ ಸುಟ್ಟಲ್ಲಿ ಒದ್ದೆ ಸ್ಪಂಜು ಒತ್ತುವುದು. ಎತ್ತುವ ಬೆಂಕಿಯೇ ಸುಡುವ ಬೆಂಕಿಯೂ ಆಗಿತ್ತು.

ಅನಿಲ ತುಂಬಿದ ಬಲೂನಿನ ಲೆಕ್ಕ ಇನ್ನೂ ಕಠಿಣ. ಏರಬೇಕೆಂದರೆ ಹೊತ್ತು ತಂದ ಮರಳನ್ನು ಚೆಲ್ಲಬೇಕು, ಇಳಿಯಬೇಕೆಂದರೆ ಅನಿಲವನ್ನು ಬಿಡಬೇಕು. ಚೆಲ್ಲಿದ ಮರಳಾಗಲಿ ಬಿಟ್ಟ ಅನಿಲವಾಗಲಿ ಮರಳಿ ಸಿಗುವುದಿಲ್ಲ. ಮೇಲೆ ಹೋಗುವ ಉತ್ಸಾಹದಲ್ಲಿ ಚೆಲ್ಲುವ ಪ್ರತಿ ಹಿಡಿಯೂ ಮೆಲ್ಲಗೆ ನೆಲ ಮುಟ್ಟುವುದಕ್ಕೆಂದು ಇಟ್ಟುಕೊಂಡದ್ದರಿಂದಲೇ ಹೋಗುತ್ತದೆ. 1934ರ ಜನವರಿ 30ರಂದು ಸೋವಿಯತ್ ದೇಶದ 'ಒಸೊಅವಿಯಾಖಿಮ್-1' ಮೂವರನ್ನು ಹೊತ್ತು ಸುಮಾರು 22 ಕಿ.ಮೀ. ಎತ್ತರಕ್ಕೆ ಏರಿತು, ಅಲ್ಲಿಯವರೆಗೆ ಅಷ್ಟು ಎತ್ತರವನ್ನು ಯಾರೂ ಮುಟ್ಟಿರಲಿಲ್ಲ. ತಾಳಬಲ್ಲ ಎತ್ತರವನ್ನು ಮೀರಿ, ಅಲ್ಲಿ ಬಹಳ ಹೊತ್ತು ನಿಂತ ಆ ಬಲೂನು ಇಳಿಯುವಾಗ ತೇಲುವ ಶಕ್ತಿ ಕಳೆದುಕೊಂಡು, ವೇಗ ಹೆಚ್ಚುತ್ತ ಹೋಗಿ, ಕೊನೆಗೆ ಅವರು ಕೂತಿದ್ದ ಗೊಂಡೊಲ ಕಳಚಿ ಬಿದ್ದು ಮೂವರೂ ತೀರಿಕೊಂಡರು. ಅವರ ಧೈರ್ಯದ ಮುಂದೆ ನಾವು ತಲೆ ಬಾಗಬೇಕು. ಆದರೆ ಇನ್ನೊಂದಿಷ್ಟು, ಇನ್ನೊಂದಿಷ್ಟು ಎನ್ನುವ ಆ ಒಳದನಿ ಅವರದಷ್ಟೇ ಆಗಿತ್ತೇ? ಇಳಿಯಲು ಬೇಕಾದ ಭಾರವನ್ನು ಉಳಿಸಿಕೊಳ್ಳದೆ ಏರುವುದು ನೌಕರಿಯಲ್ಲಿ, ಸಾಲದಲ್ಲಿ, ಮಾತಿನ ಭರದಲ್ಲಿ ನಾವೆಲ್ಲ ಮಾಡುವುದೇ ಅಲ್ಲವೇ? ಭಾರವೆಂದು ನಾವು ಗೊಣಗುವ ಹಳೆಯ ಸಂಬಂಧ, ಹಳೆಯ ಊರು, ಮನೆಯ ಹಿರಿಯರು, ಇವೆಲ್ಲ ಬುಟ್ಟಿಯ ಮರಳೇ ಆಗಿರಬಹುದು.

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯನ್ನು ಈಗ ನಾವು ಸಮಯಸಾಧಕರಿಗೆ ಒಪ್ಪಿಸಿಬಿಟ್ಟಿದ್ದೇವೆ. ಜಕ್ಕೂರಿನ ಕಡೆ ಹೊಲಗಳು ಇನ್ನೂ ಹೊಲಗಳಾಗಿಯೇ ಇದ್ದ ಕಾಲದಲ್ಲಿ ನಮ್ಮಪ್ಪ ಕಣದಲ್ಲಿ ರಾಗಿ ತೂರುವುದನ್ನು ನೋಡಿದ ನನಗೆ ಅದರ ಅರ್ಥ ಬೇರೆ. ಗಾಳಿಯನ್ನು ಅವರು ಕರೆಯಲಾರರು, ತಿರುಗಿಸಲಾರರು. ಮೊದಲು ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ಎರಚಿ ಅದು ಯಾವ ಕಡೆ ವಾಲುತ್ತದೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆಮೇಲೆ ಕಲ್ಲಿನ ಮೇಲೆ ನಿಂತು, ಮೊರವನ್ನು ತಲೆಗಿಂತ ಮೇಲಕ್ಕೆ ಹಿಡಿದು, ಅಷ್ಟಷ್ಟೇ ಸುರಿಯುತ್ತಿದ್ದರು. ಕಾಳು ಕಾಲ ಬಳಿ ಬೀಳುತ್ತಿತ್ತು, ಹೊಟ್ಟು ದೂರ ಹೋಗುತ್ತಿತ್ತು. ಗಾಳಿಯದು ಗಾಳಿಗೆ, ಎತ್ತರವಷ್ಟೇ ಅವರದು.

ಇದನ್ನು ಹೇಳಿದಾಗ ನಮ್ಮ ಬೀದಿಯ ಆ ಹಿರಿಯರು ನಕ್ಕರು. ಬಲೂನಿನವರೂ ಹೊರಡುವ ಮುಂಚೆ ಮಕ್ಕಳ ಆಟಿಕೆಯಂಥ ಒಂದು ಪುಟ್ಟ ಬಲೂನನ್ನು ಬಿಟ್ಟು ಅದು ಹೋಗುವ ದಾರಿ ನೋಡುತ್ತಾರಂತೆ. ಇಂಗ್ಲಿಷಿನಲ್ಲಿ ಅದು ಪೈಲಟ್ ಬಲೂನ್, ರಷ್ಯನ್ನಿನಲ್ಲಿ ಶಾರ್-ಪಿಲೋತ್. ದಾರಿ ತೋರಿಸುವವನ ಹೆಸರನ್ನು ಎರಡು ಭಾಷೆಗಳೂ ಯಾರೂ ಕೂರಲಾಗದ ಆ ಪುಟಾಣಿಗೆ ಕೊಟ್ಟಿವೆ. ಅದು ಅಡ್ಡಾದಿಡ್ಡಿ ಹೋದರೆ ಅಂದಿನ ಪಯಣವೇ ಇಲ್ಲ.

ನಮ್ಮಪ್ಪನೂ ಕೆಲವು ಸಂಜೆ ಹಾಗೆಯೇ ಒಂದು ಹಿಡಿ ಹೊಟ್ಟು ಎರಚಿ, ಒಂದು ಗಳಿಗೆ ನಿಂತು ನೋಡಿ, ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದುಬಿಡುತ್ತಿದ್ದರು. ಅವ್ವ ಯಾಕೆಂದು ಕೇಳುತ್ತಿರಲಿಲ್ಲ.